ಎರಡು ಗುಟುಕು ನೀರು

ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ಫೋನ್ ಮಾಡುವುದು ನನ್ನ ಅಭ್ಯಾಸ. ಹೋದ ವರ್ಷ ನಾಲ್ಕು ತಿಂಗಳು ಆ ಫೋನಿನಲ್ಲಿ ನಾನು ತಪ್ಪದೆ ಕೇಳುತ್ತಿದ್ದ ಮಾತು ಒಂದೇ. "ಅಮ್ಮ, ರಕ್ತದ ಮಾತ್ರೆ ತಗೊಂಡ್ಯಾ?" ಅಮ್ಮ ಕೊಡುತ್ತಿದ್ದ ಉತ್ತರವೂ ಒಂದೇ. "ಹೂಂ ಕಣೇ, ಈಗ ನುಂಗಿ ಮಲಗ್ತೀನಿ."

ನುಂಗಿ ಮಲಗ್ತೀನಿ. ಮುಂದೆ ಆಗಿದ್ದರಲ್ಲಿ ಅರ್ಧ ಆ ಎರಡು ಪದಗಳಲ್ಲೇ ಇತ್ತು. ದಿನಾ ಕೇಳುತ್ತಿದ್ದೆ, ಆದರೂ ನನಗೆ ಹೊಳೆಯಲಿಲ್ಲ.

ಅಮ್ಮನಿಗೆ 71 ವರ್ಷ. ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ಅಪ್ಪ ಹೋದ ಮೇಲೆ ಎಷ್ಟು ಕರೆದರೂ ಮೈಸೂರಿಗೆ ಬರಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ನೋಡಿದೆ, ಬಾಗಿಲಿಗೆ ರಂಗೋಲಿ ಬಿಟ್ಟು ಏಳುವಾಗ ಗೋಡೆ ಹಿಡಿದುಕೊಂಡಳು. ಮುಖ ಬಿಳುಚಿಕೊಂಡಿತ್ತು. ಕೆಳಗಿನ ರೆಪ್ಪೆ ಎಳೆದು ನೋಡಿದರೆ ಅಲ್ಲಿ ಕೆಂಪೇ ಇರಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.6. ಹೆಂಗಸರಿಗೆ 12 ಆದರೂ ಇರಬೇಕು. ಡಾಕ್ಟರು ಫೆರಸ್ ಸಲ್ಫೇಟ್ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು. "ಮಲ ಕಪ್ಪಗೆ ಹೋಗುತ್ತೆ, ಹೆದರಬೇಡಿ" ಅಂದರು. ಅವರು ಹೇಳಿದ್ದು ನಿಜವೇ. ಕಬ್ಬಿಣದ ಮಾತ್ರೆ ತಗೊಂಡವರಲ್ಲಿ ಬಹಳ ಜನಕ್ಕೆ ಹಾಗೆ ಆಗುತ್ತದೆ. ಆದರೆ ಆ ಒಂದು ನಿಜದ ಮರೆಯಲ್ಲಿ ಇನ್ನೊಂದು ನಿಜ ಅಡಗಿ ಕೂರಬಹುದು ಅಂತ ನಮಗೆ ಯಾರೂ ಹೇಳಲಿಲ್ಲ.

ಮೂರು ವಾರಕ್ಕೆ ಹೊಟ್ಟೆ ಉರಿ ಶುರುವಾಯಿತು. ಅಮ್ಮ ನನಗೆ ಹೇಳಿದ್ದು ಹೀಗೆ: "ಈ ಮಾತ್ರೆ ತುಂಬಾ ಉಷ್ಣ ಕಣೇ." ನಮ್ಮ ಕಡೆ ಎಲ್ಲದಕ್ಕೂ ಉಷ್ಣ ಅಂತಾರೆ ಅಲ್ವಾ? ಪಪ್ಪಾಯಿ ಉಷ್ಣ, ಎಳ್ಳು ಉಷ್ಣ, ಹುರುಳಿ ಉಷ್ಣ. ನಾನು ಮಜ್ಜಿಗೆ ಕುಡಿ ಅಂದೆ. ಜೀರಿಗೆ ಕಷಾಯ ಮಾಡ್ಕೋ ಅಂದೆ. ಇನ್ನೊಂದು ವಾರ ಬಿಟ್ಟು "ನನಗೆ ಇದು ಒಗ್ತಾ ಇಲ್ಲ" ಅಂದಳು. ಶಕ್ತಿ ಬರೋ ಮಾತ್ರೆ, ಸ್ವಲ್ಪ ತಡ್ಕೋ ಅಂದೆ. ಅಮ್ಮ ತಡೆದುಕೊಂಡಳು. ಅವಳ ಕಾಲದ ಹೆಂಗಸರಿಗೆ ತಡೆದುಕೊಳ್ಳುವುದನ್ನು ಯಾರೂ ಎರಡು ಸಲ ಹೇಳಬೇಕಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ಗ್ಯಾಸ್ಟ್ರಿಕ್ಕಿಗೆ ಅಂತ ಒಂದು ಬಾಟಲಿ ತಂದುಕೊಂಡಳು. ಹೊಟ್ಟೆಯ ಹುಳಿ ತಗ್ಗಿಸುವ ಆ ಔಷಧಿ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ ಅಂತ ಆಮೇಲೆ ತಿಳಿಯಿತು. ಬೆಳಗಿನ ಮಾತ್ರೆಯನ್ನು ಕಾಫಿ ಜೊತೆ ನುಂಗುತ್ತಿದ್ದಳು. ಕಾಫಿ, ಟೀ ಎರಡೂ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ. ಹಾಲಿನ ಸುಣ್ಣದ ಅಂಶವೂ ಅಡ್ಡ ಬರುತ್ತದೆ. ಅಂದರೆ ಬೆಳಗಿನ ಮಾತ್ರೆಯಿಂದ ರಕ್ತಕ್ಕೆ ಹೋಗಿದ್ದು ಬಹಳ ಕಮ್ಮಿ.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ. 8.3.

ಆ ದಿನ ನಾನು ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಡಾಕ್ಟರು ಚೀಟಿ ನೋಡಿ ಅಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿ, "ನಿಮ್ಮಮ್ಮ ಮಾತ್ರೆ ಸರಿಯಾಗಿ ತಗೊಳ್ತಿಲ್ಲ ಅನ್ಸುತ್ತೆ" ಅಂದರು. ನಾನು ಅಮ್ಮನ ಮುಖ ನೋಡಿದೆ. ಅವರಂತೆಯೇ ನಾನೂ ಅನುಮಾನದಿಂದ ನೋಡಿದೆ. ಅಮ್ಮ ಏನೂ ಹೇಳಲಿಲ್ಲ. ಸೆರಗಿನ ತುದಿ ಸುತ್ತಿಕೊಳ್ಳುತ್ತಾ ತಲೆ ತಗ್ಗಿಸಿದಳು. ಒಂದು ಮಾತ್ರೆಯನ್ನೂ ಬಿಡದೆ ನುಂಗಿದ್ದ ಹೆಂಗಸು. ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು, ಮುಂದಿನ ಸಲ ಡಾಕ್ಟರಿಗೆ ತೋರಿಸೋಣ ಅಂತ. ಆ ಡಬ್ಬಿ ನನ್ನ ಕಣ್ಣಿಗೆ ಬಿದ್ದಿದ್ದು ತಿಂಗಳಾದ ಮೇಲೆ. ಅದನ್ನು ನೋಡಿದ ದಿನ ನನಗೆ ಆದ ಸಂಕಟವನ್ನು ಇಲ್ಲಿ ಬರೆಯಲು ಆಗುತ್ತಿಲ್ಲ.

ದಿನಕ್ಕೆ ಎರಡಿದ್ದ ಮಾತ್ರೆ ಮೂರಾಯಿತು. ಮೂರನೇ ವಾರಕ್ಕೆ ಅಮ್ಮ ವಾಂತಿ ಮಾಡಿಕೊಂಡಳು. ಪಕ್ಕದ ಮನೆಯವರು ಫೋನ್ ಮಾಡಿ ಹೇಳಿದ್ದು, "ಕಾಫಿ ಚರಟದ ಥರ ಇತ್ತು." ಹೊಟ್ಟೆಯೊಳಗೆ ರಕ್ತ ಒಸರಿ ಹುಳಿಯ ಜೊತೆ ಸೇರಿದರೆ ಆ ಬಣ್ಣಕ್ಕೆ ತಿರುಗುತ್ತದೆ. ಅವತ್ತೇ ಮೈಸೂರಿಗೆ ಕರೆದುಕೊಂಡು ಬಂದೆವು. ಎಂಡೋಸ್ಕೋಪಿ ಮಾಡಿದರು.

ಹೊಟ್ಟೆಯ ಡಾಕ್ಟರು ಹೊರಗೆ ಬಂದು ನನ್ನನ್ನು ಕೂರಿಸಿಕೊಂಡು ಚಿತ್ರ ತೋರಿಸಿದರು. ಜಠರದ ಗೋಡೆ ಕೆಂಪಾಗಿ ಉಬ್ಬಿತ್ತು. ಅಲ್ಲಲ್ಲಿ ಚರ್ಮ ಕಿತ್ತು ಬಂದ ಹಾಗೆ ಗಾಯಗಳು. ಒಂದು ಕಡೆ ಹುಣ್ಣು. ಅದರ ಸುತ್ತ ಕಂದು ಬಣ್ಣದ ಕಲೆ, ಹಳೇ ಬಕೆಟ್ಟಿನ ಹಿಡಿ ಗೋಡೆಗೆ ತಾಗಿ ತಾಗಿ ತುಕ್ಕು ಅಂಟಿರುತ್ತದಲ್ಲ, ಹಾಗೆ. ಅವರು ಕೇಳಿದ ಮೊದಲ ಪ್ರಶ್ನೆ: "ಕಬ್ಬಿಣದ ಮಾತ್ರೆ ತಗೊಳ್ತಾ ಇದ್ದಾರಾ?" ಎರಡನೇ ಪ್ರಶ್ನೆ: "ಮಂಡಿ ನೋವಿಗೆ ಏನಾದರೂ?"

ಹುಣ್ಣಿನ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಕ್ಯಾನ್ಸರ್ ಅನ್ನುವ ಪದವನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಎಲ್ಲರೂ ಯೋಚಿಸುತ್ತಿದ್ದದ್ದು ಅದನ್ನೇ.

ಬಂದ ರಿಪೋರ್ಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಐರನ್ ಪಿಲ್ ಗ್ಯಾಸ್ಟ್ರೈಟಿಸ್ ಅಂತ ಇತ್ತು, ಅಂದರೆ ಕಬ್ಬಿಣದ ಮಾತ್ರೆಯಿಂದ ಆದ ಜಠರದ ಉರಿಯೂತ. ಜಠರದ ಒಳಪದರದಲ್ಲಿ ಕಬ್ಬಿಣ ಹರಳುಗಟ್ಟಿ ಕೂತಿದೆ, ಅದರ ಸುತ್ತ ಜೀವಕೋಶಗಳು ಸತ್ತಿವೆ ಅನ್ನುವುದು ಅದರ ಸಾರಾಂಶ. ಇದನ್ನು ಕಂಡುಹಿಡಿಯುವ ಪರೀಕ್ಷೆ ತುಂಬಾ ಹಳೆಯದು. 1867ರಲ್ಲಿ ಮ್ಯಾಕ್ಸ್ ಪರ್ಲ್ಸ್ ಅನ್ನುವ ಜರ್ಮನ್ ವೈದ್ಯ ಬಳಕೆಗೆ ತಂದಿದ್ದು. ಅಂಗಾಂಶದ ತೆಳು ಚೂರಿನ ಮೇಲೆ ಒಂದು ರಾಸಾಯನಿಕ ಹಾಕುತ್ತಾರೆ, ಕಬ್ಬಿಣ ಇರುವ ಜಾಗ ಮಾತ್ರ ಗಾಢ ನೀಲಿ ಆಗುತ್ತದೆ. ಚಿತ್ರಗಾರರು ಬಳಸುವ ಪ್ರಷ್ಯನ್ ನೀಲಿ ಇದೆಯಲ್ಲ, ಅದೇ ಬಣ್ಣ. ಡಾಕ್ಟರು ಅದರ ಫೋಟೋ ತೋರಿಸಿದರು. ನಸುಗೆಂಪು ಹಿನ್ನೆಲೆಯ ಮೇಲೆ ನೀಲಿ ಚುಕ್ಕೆಗಳು. ನಾನು ದಿನಾ ರಾತ್ರಿ ಫೋನ್ ಮಾಡಿ ನುಂಗಿಸಿದ ಮಾತ್ರೆಗಳು ಅವು.

ಯಾಕೆ ಹೀಗಾಯಿತು ಅಂತ ಕೇಳಿದೆ. ಆ ಡಾಕ್ಟರಿಗೆ ಸಮಯ ಇತ್ತೋ, ನನ್ನ ಮುಖ ನೋಡಿ ಸಮಯ ಮಾಡಿಕೊಂಡರೋ ಗೊತ್ತಿಲ್ಲ. ಕೂತು ಬಿಡಿಸಿ ಹೇಳಿದರು.

ಕಬ್ಬಿಣದ ಮಾತ್ರೆ ಹೊಟ್ಟೆಗೆ ಹೋಗಿ ಕರಗುತ್ತದೆ. ಸಾಕಷ್ಟು ನೀರಿದ್ದರೆ ಕರಗಿದ್ದು ತೆಳುವಾಗಿ ಹರಡಿಕೊಂಡು ಸಣ್ಣ ಕರುಳಿಗೆ ಇಳಿಯುತ್ತದೆ. ಮೈಗೆ ಹತ್ತುವುದು ಅಲ್ಲಿ, ಕರುಳಿನ ಮೊದಲ ಭಾಗದಲ್ಲಿ. ಮಾತ್ರೆ ಒಂದೇ ಜಾಗಕ್ಕೆ ಅಂಟಿಕೊಂಡು ಕರಗಿದರೆ ಆ ಜಾಗದಲ್ಲಿ ಕಬ್ಬಿಣ ಗಟ್ಟಿಯಾಗಿ ಸೇರುತ್ತದೆ. ಫೆರಸ್ ರೂಪದ ಕಬ್ಬಿಣ ಫೆರಿಕ್ ರೂಪಕ್ಕೆ ತಿರುಗುವಾಗ ಸುತ್ತಲಿನ ಜೀವಕೋಶಗಳನ್ನು ಸುಡುವಂಥ ಕಣಗಳು ಹುಟ್ಟುತ್ತವೆ. ಸಣ್ಣ ರಕ್ತನಾಳಗಳೂ ಹಾಳಾಗುತ್ತವೆ. "ಆಸಿಡ್ ಬಿದ್ದು ಸುಟ್ಟ ಗಾಯ ಇರುತ್ತಲ್ಲ, ಆ ಜಾತಿದೇ ಇದು" ಅಂದರು. ಅಮ್ಮ ಉಷ್ಣ ಅಂದಿದ್ದಳು. ಸುಟ್ಟ ಗಾಯಕ್ಕೆ ಅವಳ ಭಾಷೆಯಲ್ಲಿ ಅದಕ್ಕಿಂತ ಹತ್ತಿರದ ಪದ ಯಾವುದಿತ್ತು?

ಆಮೇಲೆ ಮಂಡಿ ಮಾತ್ರೆಯ ವಿಷಯ. ಅಮ್ಮ ಎರಡು ವರ್ಷದಿಂದ ಡೈಕ್ಲೋಫಿನಾಕ್ ನುಂಗುತ್ತಿದ್ದಳು. ಮೊದಲ ಡಾಕ್ಟರು ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಅಂತ ಕೇಳಲಿಲ್ಲ. ಕೇಳಿದ್ದರೂ ಅಮ್ಮ ಇಲ್ಲ ಅನ್ನುತ್ತಿದ್ದಳೇನೋ. ಡಾಕ್ಟರು ಬರೆಯದೆ, ಅಂಗಡಿಯಲ್ಲಿ ಬಿಡಿಯಾಗಿ ಎರಡು ಕೊಡಪ್ಪ ಅಂತ ತರುವ ಮಾತ್ರೆ ಅವಳ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಈ ಥರದ ನೋವಿನ ಮಾತ್ರೆಗಳು ಜಠರವನ್ನು ಕಾಯುವ ಲೋಳೆಯ ಪದರವನ್ನು ತೆಳುವಾಗಿಸುತ್ತವೆ. ಮೊದಲು ರಕ್ತ ಸೋರಲು ಶುರುವಾಗಿದ್ದು ಬಹುಶಃ ಅದರಿಂದ. ರಕ್ತ ಕಮ್ಮಿಯಾಯಿತು ಅಂತ ಕಬ್ಬಿಣ ಕೊಟ್ಟೆವು. ಆಗಲೇ ಸವೆದಿದ್ದ ಗೋಡೆಯ ಮೇಲೆ ಕಬ್ಬಿಣ ಕೂತು ಇನ್ನಷ್ಟು ಸುಟ್ಟಿತು. ಇನ್ನಷ್ಟು ರಕ್ತ ಹೋಯಿತು. ನಾವು ಮಾತ್ರೆ ಜಾಸ್ತಿ ಮಾಡಿದೆವು. ತೂತು ಬಿದ್ದ ಕೊಡಕ್ಕೆ ನೀರು ತುಂಬುತ್ತಿದ್ದೇವೆ ಅಂದುಕೊಂಡರೂ ಸಮಾಧಾನ ಇರುತ್ತಿತ್ತು. ಇಲ್ಲಿ ಹಾಕುತ್ತಿದ್ದ ನೀರೇ ತೂತು ದೊಡ್ಡದು ಮಾಡುತ್ತಿತ್ತು.

ಮಲ ಕಪ್ಪಗಿತ್ತಲ್ಲ, ಅದನ್ನು ಯಾರೂ ಅನುಮಾನಿಸಲಿಲ್ಲ. ಕಬ್ಬಿಣದಿಂದ ಬರುವ ಕಪ್ಪು ಕಡು ಹಸಿರಿಗೆ ಹತ್ತಿರ ಇರುತ್ತದೆ, ಮಲ ಎಂದಿನ ಹಾಗೆ ಗಟ್ಟಿ ಇರುತ್ತದೆ. ಹೊಟ್ಟೆಯೊಳಗಿನ ರಕ್ತದಿಂದ ಬರುವ ಕಪ್ಪು ಡಾಂಬರಿನ ಹಾಗೆ ಹೊಳೆಯುತ್ತದೆ, ಅಂಟುತ್ತದೆ, ನಾತ ಬೇರೆಯೇ ಇರುತ್ತದೆ. ಅಮ್ಮನನ್ನು ಕೇಳಿದಾಗ ಅವಳಿಗೆ ಆ ವ್ಯತ್ಯಾಸ ಗೊತ್ತಾಗಿತ್ತು. "ಇಂಥದ್ದನ್ನೆಲ್ಲ ಹೇಳೋದು ಹೇಗೆ ಅಂತ ಸುಮ್ನಿದ್ದೆ" ಅಂದಳು. ಇದನ್ನು ಓದುತ್ತಿರುವವರ ಮನೆಯಲ್ಲಿ ವಯಸ್ಸಾದವರು ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದರೆ ದಯವಿಟ್ಟು ಇದನ್ನು ಬಾಯಿಬಿಟ್ಟು ಕೇಳಿ. ನಾಚಿಕೆ ಪಡಬೇಡಿ. ಅನುಮಾನ ಬಂದರೆ ಒಂದು ದಿನವೂ ಕಾಯಬೇಡಿ.

ಕೊನೆಗೆ ನೀರಿನ ವಿಷಯ. "ಮಾತ್ರೆ ಹೇಗೆ ತಗೊಳ್ತೀರಮ್ಮಾ?" ಅಂತ ಡಾಕ್ಟರು ಅಮ್ಮನನ್ನೇ ಕೇಳಿದರು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅಮ್ಮ ಹೇಳಿದಳು, "ಎರಡು ಗುಟುಕು ನೀರಲ್ಲಿ ನುಂಗಿ ಮಲಗಿಬಿಡ್ತೀನಿ ಸಾರ್." ಯಾಕೆ ಅಷ್ಟೇ ನೀರು? ಜಾಸ್ತಿ ಕುಡಿದರೆ ರಾತ್ರಿ ಎರಡು ಸಲ ಏಳಬೇಕು. ನಮ್ಮ ಮನೆಯ ಪಾಯಿಖಾನೆ ಹಿತ್ತಲಿನಲ್ಲಿದೆ. ಅಡಿಗೆಮನೆ ದಾಟಬೇಕು, ಹಿಂಬಾಗಿಲ ಅಗುಳಿ ತೆಗೆಯಬೇಕು, ಮೂರು ಮೆಟ್ಟಿಲು ಇಳಿಯಬೇಕು. ಮಂಡಿ ನೋವು, ಕತ್ತಲೆ, ಒಬ್ಬಳೇ. ಮಳೆಗಾಲದಲ್ಲಿ ಹಾವಿನ ಭಯ. ಅದಕ್ಕೇ ಸಂಜೆ ಆರರ ಮೇಲೆ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಡಾಕ್ಟರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಇದೊಂದೇ ಕಾರಣ ಅಂತ ಹೇಳೋಕಾಗಲ್ಲ. ವಯಸ್ಸು, ನೋವಿನ ಮಾತ್ರೆ, ನೀರು, ಮಲಗೋದು, ಎಲ್ಲ ಸೇರಿಕೊಂಡಿದೆ" ಅಂದರು. ವಯಸ್ಸಾದ ಮೇಲೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ನುಂಗಿ ತಕ್ಷಣ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಸಿಕ್ಕಿಕೊಂಡು ಅಲ್ಲೂ ಗಾಯ ಮಾಡಬಹುದು. ತುಂಬಿದ ಲೋಟ ನೀರು, ಅರ್ಧ ಗಂಟೆಯಾದರೂ ಕೂತಿರುವುದು. ಮಾತ್ರೆ ಬರೆದುಕೊಟ್ಟ ದಿನವೇ ಯಾರಾದರೂ ಹೇಳಬಹುದಾಗಿದ್ದ ಮಾತು.

ಆಮೇಲೆ ನಾನು ಈ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ನಮ್ಮ ಮೈಗೆ ದಿನಕ್ಕೆ ಹೊಸದಾಗಿ ಬೇಕಾಗುವ ಕಬ್ಬಿಣ ಒಂದೆರಡು ಮಿಲಿಗ್ರಾಂ ಅಷ್ಟೇ. ಒಂದು ಮಾತ್ರೆಯಲ್ಲಿ ಸುಮಾರು 60 ಮಿಲಿಗ್ರಾಂ ಇರುತ್ತದೆ. ಅದರಲ್ಲಿ ಮೈಗೆ ಸೇರುವುದು ಸ್ವಲ್ಪ ಭಾಗ, ಉಳಿದದ್ದೆಲ್ಲ ಹೊಟ್ಟೆ ಕರುಳಿನಲ್ಲೇ ಇರುತ್ತದೆ. ವಾಕರಿಕೆ, ಮಲಬದ್ಧತೆ, ಹೊಟ್ಟೆ ನೋವು ಬರುವುದು ಅದರಿಂದ. ಇನ್ನೊಂದು ವಿಷಯ ಓದಿ ಆಶ್ಚರ್ಯವಾಯಿತು. ಒಂದು ಮಾತ್ರೆ ನುಂಗಿದರೆ ನಮ್ಮ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಅದು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿಬಿಡುತ್ತದೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಿಕೋಲ್ ಸ್ಟೋಫೆಲ್ ಮತ್ತು ಅವರ ಜೊತೆಗಾರರು ಕಬ್ಬಿಣ ಕಮ್ಮಿ ಇದ್ದ ಹೆಂಗಸರಿಗೆ ಕೆಲವರಿಗೆ ದಿನವೂ, ಕೆಲವರಿಗೆ ದಿನ ಬಿಟ್ಟು ದಿನ ಮಾತ್ರೆ ಕೊಟ್ಟು ನೋಡಿದರು. ದಿನವೂ ತಗೊಂಡವರ ಮೈಗೆ ಪ್ರತಿ ಮಾತ್ರೆಯ 16.3 ಶೇಕಡಾ ಹತ್ತಿತು. ದಿನ ಬಿಟ್ಟು ದಿನ ತಗೊಂಡವರಿಗೆ 21.8. ಅವರು ನೋಡಿದ್ದು ಚಿಕ್ಕ ವಯಸ್ಸಿನ ಹೆಂಗಸರನ್ನು, ನನ್ನ ಅಮ್ಮನಂಥವರನ್ನಲ್ಲ. ಆದರೂ ಮಾತ್ರೆ ಎರಡು ಮೂರು ಮಾಡಿದರೆ ರಕ್ತ ಎರಡು ಮೂರು ಪಟ್ಟು ಬೇಗ ಏರುತ್ತದೆ ಅನ್ನುವ ನಮ್ಮ ಲೆಕ್ಕ ತಪ್ಪು ಅನ್ನುವುದು ಗೊತ್ತಾಯಿತು.

ಇದನ್ನೆಲ್ಲ ಬರೆಯುವಾಗ ನನಗೆ ಒಂದು ಹೆದರಿಕೆ ಇದೆ. ಓದಿದವರು ಯಾರಾದರೂ ಮಾತ್ರೆ ನಿಲ್ಲಿಸಿಬಿಟ್ಟರೆ? ದಯವಿಟ್ಟು ಹಾಗೆ ಮಾಡಬೇಡಿ. ಅಮ್ಮನಿಗೆ ಆದಂಥ ಗಾಯ ಬಹಳ ಜನಕ್ಕೆ ಆಗುವುದಿಲ್ಲ. ಕಬ್ಬಿಣ ಬೇಕೇ ಬೇಕು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಜನಕ್ಕೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಜಾಸ್ತಿ. ರಕ್ತ ಕಮ್ಮಿ ಇರುವ ಬಸುರಿಗೆ ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ರಕ್ತ ಹೋದರೂ ಜೀವಕ್ಕೆ ಅಪಾಯ. ಅದಕ್ಕೇ ಸರ್ಕಾರ 1970ರಿಂದಲೂ ಕಬ್ಬಿಣದ ಮಾತ್ರೆ ಕೊಡುತ್ತಿದೆ. ಈಗ 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಬಸುರಿಯರಿಗೆ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಇರುವ ಕೆಂಪು ಮಾತ್ರೆಯನ್ನು 180 ದಿನ ಕೊಡುತ್ತಾರೆ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಮುಟ್ಟಿಸುತ್ತಾರೆ. ಅವರ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ.

ಆದರೆ ನಮ್ಮ ನೆಂಟರ ಮನೆಯ ಸೊಸೆ ಬಸುರಿಯಾಗಿದ್ದಾಗ ಆ ಕೆಂಪು ಮಾತ್ರೆಗಳನ್ನು ಅಕ್ಕಿ ಡಬ್ಬದ ತಳದಲ್ಲಿ ಬಚ್ಚಿಟ್ಟಿದ್ದು ನನಗೆ ಗೊತ್ತು. ನುಂಗಿದರೆ ವಾಂತಿ. ಹೇಳಿದರೆ ಅತ್ತೆಯ ಬೈಗುಳ, "ನಾವೆಲ್ಲ ಹೆತ್ತಿಲ್ವಾ?" ಯಾರಾದರೂ ಅವಳನ್ನು ಕೂರಿಸಿಕೊಂಡು ಊಟದ ಜೊತೆ ತಗೋ, ಅದರಿಂದ ಸ್ವಲ್ಪ ಕಮ್ಮಿ ಹತ್ತಿದರೂ ಪರವಾಗಿಲ್ಲ ಅಂದಿದ್ದರೆ ಸಾಕಿತ್ತು. ಬೇರೆ ಬಗೆಯ ಮಾತ್ರೆ ಇದೆ, ಸಿರಪ್ ಇದೆ, ಡಾಕ್ಟರನ್ನು ಕೇಳೋಣ ಅಂದಿದ್ದರೆ ಸಾಕಿತ್ತು. ನನಗೆ ಸಿಟ್ಟು ಬರುವುದು ಇಲ್ಲಿ. ಹೆಂಗಸೊಬ್ಬಳು ಒಗ್ಗಲ್ಲ ಅಂದರೆ ಅದನ್ನು ಹಟ ಅಂತಲೋ ಸೋಮಾರಿತನ ಅಂತಲೋ ಲೆಕ್ಕ ಹಾಕುತ್ತೇವೆ. ನನ್ನ ಅಮ್ಮ ನುಂಗಿ ಗಾಯ ಮಾಡಿಕೊಂಡಳು, ಆ ಹುಡುಗಿ ನುಂಗದೆ ಬಚ್ಚಿಟ್ಟಳು. ಇಬ್ಬರೂ ಮೊದಲು ಒಂದೇ ಮಾತು ಹೇಳಿದ್ದರು.

ಆ ಕೆಂಪು ಮಾತ್ರೆ ಸಕ್ಕರೆ ಲೇಪ ಇರುವಂಥದ್ದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎತ್ತರದಲ್ಲಿಡಿ. ಮಗು ಮಿಠಾಯಿ ಅಂತ ಹತ್ತಾರು ತಿಂದರೆ ಜೀವವೇ ಹೋಗಬಹುದು.

ಅಮ್ಮನಿಗೆ ಎರಡೂ ಮಾತ್ರೆ ನಿಲ್ಲಿಸಿದರು. ಹುಣ್ಣು ವಾಸಿಯಾಗಲು ಹುಳಿ ತಗ್ಗಿಸುವ ಮಾತ್ರೆ ಎಂಟು ವಾರ. ಈ ವಯಸ್ಸಿನಲ್ಲಿ ರಕ್ತ ಕಮ್ಮಿಯಾದರೆ ಬೇರೆ ಕಡೆ ಸೋರುತ್ತಿದೆಯಾ ಅಂತ ನೋಡಲೇಬೇಕು ಅಂತ ದೊಡ್ಡ ಕರುಳಿನ ಪರೀಕ್ಷೆಯನ್ನೂ ಮಾಡಿದರು. ಅಲ್ಲಿ ಏನೂ ಇರಲಿಲ್ಲ. ಈ ಪರೀಕ್ಷೆ ಎಲ್ಲಕ್ಕಿಂತ ಮೊದಲು ಆಗಬೇಕಿತ್ತು. ಕಬ್ಬಿಣವನ್ನು ಡ್ರಿಪ್ಪಿನಲ್ಲಿ ನೇರವಾಗಿ ರಕ್ತನಾಳಕ್ಕೆ ಕೊಟ್ಟರು, ಒಂದು ವಾರ ಬಿಟ್ಟು ಎರಡು ಸಲ. ಹೊಟ್ಟೆಯ ಹಂಗೇ ಇಲ್ಲ. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 11.2. ಮತ್ತೆ ಎಂಡೋಸ್ಕೋಪಿ ಮಾಡಿದಾಗ ಹುಣ್ಣು ಮಾಗಿತ್ತು. ಮಂಡಿಗೆ ಈಗ ಬಿಸಿ ನೀರಿನ ಶಾಖ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ, ತೀರಾ ಆಗದಿದ್ದರೆ ಪ್ಯಾರಸಿಟಮಾಲ್.

ಊಟಕ್ಕೆ ನುಗ್ಗೆಸೊಪ್ಪು, ಹುರುಳಿಕಾಳು, ರಾಗಿ ಮುದ್ದೆ ಎಲ್ಲ ಇದೆ. ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುತ್ತಾಳೆ, ಅದರಿಂದ ಕಬ್ಬಿಣ ಚೆನ್ನಾಗಿ ಹತ್ತುತ್ತದೆ ಅಂತ. ಕಾಫಿ ಬಿಡು ಅಂತ ನಾನು ಹೇಳಲಿಲ್ಲ. ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿ ಅಂದಿದ್ದೇನೆ.

ದೀಪಾವಳಿಗೆ ಮುಂಚೆ ಅಣ್ಣನೂ ನಾನೂ ಸೇರಿ ಅಮ್ಮ ಮಲಗುವ ಕೋಣೆಯ ಪಕ್ಕದಲ್ಲೇ ಒಂದು ಪುಟ್ಟ ಬಚ್ಚಲು, ಪಾಯಿಖಾನೆ ಕಟ್ಟಿಸಿದೆವು. ಕೂರುವ ಕಮೋಡು, ಹಿಡಿದುಕೊಳ್ಳಲು ಗೋಡೆಗೆ ಸ್ಟೀಲಿನ ಕಂಬಿ, ರಾತ್ರಿಯೆಲ್ಲ ಉರಿಯುವ ಸಣ್ಣ ಬಲ್ಬು. ಮೇಸ್ತ್ರಿ, ಸಾಮಾನು ಎಲ್ಲ ಸೇರಿದರೂ ಆಸ್ಪತ್ರೆಗೆ ಆದ ಖರ್ಚಿನಷ್ಟು ಆಗಲಿಲ್ಲ. ಮನೆಯೊಳಗೆ ಪಾಯಿಖಾನೆ ಅಂದರೆ ಅಮ್ಮ ಮೊದಲು ಒಪ್ಪಲಿಲ್ಲ. ಪಕ್ಕದ ಗೋಡೆ ದೇವರ ಕೋಣೆಯದ್ದು ಅಂತ ಮೂರು ದಿನ ಮುನಿಸಿಕೊಂಡಿದ್ದಳು.

ಈಗಲೂ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಮಾತ್ರೆಯ ವಿಷಯ ಕೇಳುವುದಿಲ್ಲ. "ಹೊಟ್ಟೆ ಹೇಗಿದೆ ಅಮ್ಮ?" ಅಂತ ಕೇಳಿ, ಅವಳು ಹೇಳಿ ಮುಗಿಸುವವರೆಗೂ ಸುಮ್ಮನಿರುತ್ತೇನೆ. ಮೊನ್ನೆ ಸಾರಿನ ಸುದ್ದಿ, ಪಕ್ಕದ ಮನೆ ಹಸು ಕರು ಹಾಕಿದ ಸುದ್ದಿ ಎಲ್ಲ ಆದ ಮೇಲೆ ಹೇಳಿದಳು:

"ನೆನ್ನೆ ಸೆಕೆ ಅಂದ್ರೆ ಸೆಕೆ ಕಣೇ. ರಾತ್ರಿ ಹತ್ತು ಗಂಟೇಲಿ ಎದ್ದು ಒಂದು ಚೊಂಬು ನೀರು ಕುಡಿದೆ. ಪೂರ್ತಿ ಒಂದು ಚೊಂಬು."